ಭಾನುವಾರದ ಹಸಿವು

ದಾರಿಯಲ್ಲಿ ಯಾರಾದರೂ ತಡೆದು ಮಾತಿಗೆ ನಿಲ್ಲಿಸಿದರೆ ಒಳ್ಳೆಯದಿತ್ತು ಎಂದು ಚಂದ್ರಶೇಖರನಿಗೆ ಅನ್ನಿಸಿತು. ನಂಜನಗೂಡಿನ ಹೈಸ್ಕೂಲಿನಲ್ಲಿ ತಲೆ ನೆರೆಯುವ ತನಕ ಕನ್ನಡ ಪಾಠ ಹೇಳಿದವನಿಗೆ ಬಜಾರಿನಲ್ಲಿ ನಮಸ್ಕಾರ ಹೇಳುವವರಿಗೇನೂ ಬರವಿರಲಿಲ್ಲ. ಆದರೆ ಹೇಳಿದವರು ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ. ದೇವಸ್ಥಾನದ ಮುಂದೆ ಹಾಯುವಾಗ ಸ್ಕೂಟರಿನ ಮೇಲಿಂದಲೇ ಒಂದು ಕೈ ಎದೆಗೆ ಮುಟ್ಟಿಸಿಕೊಂಡು ಹೋಗುತ್ತಾರಲ್ಲ, ಅಂಥ ನಮಸ್ಕಾರ ಅದು. ಇವತ್ತು ಆ ನಮಸ್ಕಾರಗಳ ಹಿಂದೆಯೇ ಓಡಿಹೋಗಿ, ನಿಲ್ಲಯ್ಯಾ, ನಿನ್ನ ಮಗ ಈಗ ಏನು ಓದುತ್ತಿದ್ದಾನೆ ಎಂದು ಕೇಳಿ ಒಂದರ್ಧ ಗಂಟೆ ಕಳೆದುಬಿಡೋಣವೆನ್ನಿಸಿತು. ಅರ್ಧ ಗಂಟೆ ತಡವಾದರೆ ಗೆಳೆಯ ಗಂಗಾಧರಸ್ವಾಮಿ ತನ್ನ ಬೂಸಾ ಅಂಗಡಿ ತೆರೆಯುವುದು ತಡವಾಗುತ್ತದೆ, ಅಷ್ಟೇ. ತೆರೆಯುವುದು ತಡವಾದರೆ ಹೆಮ್ಮರಗಾಲದ ಬಸ್ಸಿಗೆ ಕಾದಿರುವ ರೈತರು ಹಿಂಡಿ ಬೂಸಾ ಕೊಳ್ಳುವುದಕ್ಕೆ ಎದುರಿನ ಅಂಗಡಿಗೆ ಹೋಗುತ್ತಾರೆ, ಅಷ್ಟೇ. ಎರಡನೆಯ ಅಷ್ಟೇಗೆ ಬರುವ ಹೊತ್ತಿಗೆ ಅವನ ಕಾಲು ತಾನಾಗಿಯೇ ಚುರುಕಾಗಿತ್ತು. ಬೇಡವೆನ್ನಿಸಿದ ಕಡೆಗೇ ಬೇಗ ಬೇಗ ನಡೆಯುವುದು ಅವನ ಹಳೆಯ ಚಾಳಿ. ಸ್ಕೂಲಿಗೂ ಹೀಗೇ ಹೋಗುತ್ತಿದ್ದ.

ಗಂಗಾಧರಸ್ವಾಮಿ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಹಿಂದೆ ಹಜಾರದಲ್ಲಿ, ಕಿಟಕಿಗೆ ಒತ್ತಿ ಹಾಕಿದ ಕಬ್ಬಿಣದ ಮಂಚದ ಮೇಲೆ, ಅವನ ಮಗ ಮದನ್ ಎಡಮಗ್ಗುಲಿಗೆ ತಿರುಗಿ ಮಲಗಿದ್ದ. ಬೆನ್ನಿಗೆ ಎರಡು ದಿಂಬು ಒತ್ತು ಕೊಟ್ಟಿತ್ತು. ಗಾಳಿಹಾಸಿಗೆಯ ಸಣ್ಣ ಪಂಪು ನಿಲ್ಲದೆ ಗುಂಯ್‌ಗುಡುತ್ತಿತ್ತು. ಎರಡು ವರ್ಷದ ಹಿಂದೆ ಲಾರಿಯ ಮೇಲೆ ಮೂಟೆಗಳಿಗೆ ಟಾರ್ಪಾಲು ಬಿಗಿಯುವಾಗ ಹಗ್ಗ ಕಿತ್ತು ಕೆಳಗೆ ಬಿದ್ದವನಿಗೆ ಕುತ್ತಿಗೆಯ ಮೂಳೆ ಮುರಿದು ಎದೆಯಿಂದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ತೋಳು ಎತ್ತುತ್ತಿದ್ದ. ಬೆರಳು ಮಡಚಲು ಬರುತ್ತಿರಲಿಲ್ಲ. ತಾಯಿ ಅವನು ಕಾಲೇಜಿಗೆ ಹೋಗುವಾಗಲೇ ತೀರಿಕೊಂಡಿದ್ದಳು. ಮೂಗೂರಿನಿಂದ ಸೋದರತ್ತೆ ಮಲ್ಲಾಜಮ್ಮ ಬಂದು ಸ್ವಲ್ಪ ಕಾಲ ಇದ್ದು, ಸೊಸೆಯ ಬಾಣಂತನವೆಂದು ವಾಪಸು ಹೋದಳು. ಆಮೇಲೆ ಉಳಿದದ್ದು ಅಪ್ಪ ಒಬ್ಬನೇ.

"ಈಗ್ತಾನೆ ಮಗ್ಗುಲು ತಿರುಗ್ಸಿವ್ನಿ ಮೇಷ್ಟ್ರೇ, ನಾನು ಬರಗಂಟ ಅಂಗೇ ಇರ್ಲಿ," ಅಂದ ಗಂಗಾಧರಸ್ವಾಮಿ. "ನೀರು ಕೇಳುದ್ರೆ ಆ ಸ್ಟ್ರಾ ಬಾಟ್ಲಿನಾಗೆ ಕೊಡಿ. ಇನ್ನೇನೂ ಕೇಳಕ್ಕಿಲ್ಲ ಅವ್ನು."

"ಊಟ?"

"ಊಟ ನಾನು ಬಂದ್ಮೇಲೇ. ಈಗೀಗ ಮಧ್ಯಾನ್ನ ಅಸಿವೇ ಆಗಕ್ಕಿಲ್ವಂತೆ. ಬೆಳಿಗ್ಗೆನೂ ಅರ್ಧ ಲೋಟ ಕಾಪಿ, ಅಷ್ಟೇಯ. ಮುದ್ದೆ ಮಾಡಿ ಆಟ್‌ಬಾಕ್ಸಿಗೆ ಆಕಿವ್ನಿ, ನಾಕು ಗಂಟೆಗೆ ಬಂದು ಉಣ್ಣುಸ್ತೀನಿ." ಮೆಟ್ಟಿಲಿಳಿದವನು ತಿರುಗಿ ನಿಂತು ನಕ್ಕ. "ನೆನ್ನೆ ಭಾನುವಾರ ನೀವು ನೋಡ್ಬೇಕಿತ್ತು. ಬೆಳಿಗ್ಗೆ ಇಡ್ಲಿ, ಮಧ್ಯಾನ್ನ ಎರಡು ಮುದ್ದೆ, ಮೇಲೆ ಅನ್ನ. ವಾರವೆಲ್ಲ ಕೋಳಿ ಕೆದಕ್ದಂಗೆ ತಿನ್ನೋನು ಭಾನುವಾರ ಬಂದ್ರೆ ರಾಕ್ಷಸ ಕಣ್ರೀ. ನೀವು ಬರ್ದಿದ್ ದಿನ ಅದೆಲ್ಲಿತ್ತೋ ಅಸಿವು."

ಹಾಸ್ಯಕ್ಕೆ ಅಂದದ್ದು. ಚಂದ್ರಶೇಖರನೂ ನಕ್ಕ. ಗಂಗಾಧರಸ್ವಾಮಿ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ ಆ ನಗೆ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದಿತ್ತು, ತೆಗೆಯಲು ಮರೆತ ಕನ್ನಡಕದ ಹಾಗೆ.

ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದ. ದಿನವೂ ಮೊದಲ ಪುಟದಿಂದ ಗಟ್ಟಿಯಾಗಿ ಓದುವುದು ವಾಡಿಕೆ. ಮದನ್‌ನ ಮುಖದ ಎದುರು ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿತ್ತು, ಅದನ್ನು ಅವನು ಬೆರಳ ಗೆಣ್ಣಿನಿಂದ ತಳ್ಳಿ ತಳ್ಳಿ ನೋಡುತ್ತಿದ್ದ. ಈ ಪೇಪರಿನ ಸುದ್ದಿಯೆಲ್ಲ ಅವನಿಗೆ ನಿನ್ನೆಯೇ ಗೊತ್ತು ಎಂಬುದು ಚಂದ್ರಶೇಖರನಿಗೆ ಬಂದ ಮೊದಲ ವಾರವೇ ತಿಳಿದಿತ್ತು. ಆದರೂ ಓದುತ್ತಿದ್ದ, ಆದರೂ ಅವನು ಮೊಬೈಲಿನ ಶಬ್ದ ತಗ್ಗಿಸಿ ಕೇಳುತ್ತಿದ್ದ. ಮೇಷ್ಟ್ರಿಗೆ ಬೇಜಾರಾಗಬಾರದೆಂದು ಕೇಳುತ್ತಿದ್ದ. ಎಂಟನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಹೀಗೇ, ಕೇಳಿಸಿಕೊಂಡ ಮುಖ ಮಾಡಿಕೊಂಡು, ಕಿಟಕಿಯಾಚೆ ನೋಡುತ್ತಿದ್ದ ಹುಡುಗ. ಆಗ ಅದಕ್ಕೆ ಕಿವಿ ಹಿಂಡಿದ್ದುಂಟು. ಈಗ ಅದೇ ಮರ್ಯಾದೆಯಾಗಿ ಬಂದು ಕೂತಿತ್ತು.

ಇಲ್ಲಿಗೆ ಬರುವುದಕ್ಕೆ ತನ್ನನ್ನು ಯಾರೂ ಕರೆದಿರಲಿಲ್ಲ. ನಿವೃತ್ತಿಯಾದ ಮೇಲೆ ಗಂಗಾಧರಸ್ವಾಮಿಯ ಅಂಗಡಿಯ ಸ್ಟೂಲಿನ ಮೇಲೆ ಕೂತು ಪೇಪರ್ ಓದುವುದು ಅವನ ದಿನಚರಿಯಾಗಿತ್ತು. ಹಿಂಡಿಯ ವಾಸನೆ, ತಕ್ಕಡಿಯ ಸದ್ದು, ಹಸುವಿನ ಹಾಲು ಇಳಿದ ಮಾತು. ಮದನ್ ಬಿದ್ದ ಮೇಲೆ ಹಗಲೆಲ್ಲ ಅಂಗಡಿಯ ಷಟರ್ ಇಳಿದೇ ಇರತೊಡಗಿತು, ಸ್ಟೂಲು ಒಳಗೇ ಉಳಿಯಿತು. ಆಗ ತಾನಾಗಿ ಹೇಳಿದ್ದು, ಮಧ್ಯಾಹ್ನ ನಾನು ಹುಡುಗನ ಹತ್ತಿರ ಕೂತಿರ್ತೀನಿ, ನೀವು ಅಂಗಡಿ ನೋಡಿಕೊಳ್ಳಿ, ಎಂದು. ಗಂಗಾಧರಸ್ವಾಮಿ ಅವನ ಎರಡೂ ಕೈ ಹಿಡಿದುಕೊಂಡಿದ್ದ. ಹಾಗೆ ಅವನ ಕೈಯನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಮದುವೆಯಾಗಲಿಲ್ಲ, ತಮ್ಮ ಕೃಷ್ಣಪ್ರಸಾದನ ಸಂಸಾರದ ಜೊತೆ ತಂದೆಯ ಮನೆಯ ಮಹಡಿಯ ಕೋಣೆಯಲ್ಲಿ, ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ, ಇದ್ದುಬಿಟ್ಟಿದ್ದ. ಊಟಕ್ಕೆ ಕರೆದಾಗ ಇಳಿದು ಬರುವುದು, ಉಂಡು ಹತ್ತಿ ಹೋಗುವುದು. ತಾನು ಒಂದು ದಿನ ಇಳಿದು ಬರದಿದ್ದರೆ ಒಂದು ಹಿಡಿ ಅನ್ನ ಉಳಿಯುತ್ತದೆ ಎಂಬುದಕ್ಕಿಂತ ಹೆಚ್ಚಿನ ವ್ಯತ್ಯಾಸವೇನೂ ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇಲ್ಲಿ ಹಾಗಲ್ಲ. ಇಲ್ಲಿ ತಾನು ಬರದಿದ್ದರೆ ಒಂದು ಅಂಗಡಿ ಮುಚ್ಚುತ್ತದೆ. ನಾಚಿಕೆಯಾದರೂ ನಿಜ, ಗೆಳೆಯನ ಮನೆಗೆ ಬಂದ ಈ ಕಷ್ಟ ತನಗೊಂದು ಜಾಗ ಮಾಡಿಕೊಟ್ಟಿತ್ತು. ಬರುವಾಗ ಶರ್ಟು ಇಸ್ತ್ರಿ ಮಾಡಿಕೊಂಡು ಬರುತ್ತಿದ್ದ.

ಮನೆಗೆ ಮರಳುವಾಗ ಮಾತ್ರ ಹಿತ್ತಲ ಬಾಗಿಲು. ತಮ್ಮನ ಹೆಂಡತಿ ಚಂಪಕ ಮೊದಲ ವಾರವೇ ಹೇಳಿದ್ದಳು, "ಹಿತ್ತಲ ಕಡೆಯಿಂದ ಬನ್ನಿ ಭಾವ, ಬಕೆಟ್ಟಿನಲ್ಲಿ ನೀರಿಟ್ಟಿರ್ತೀನಿ." ಕಾಯಿಲೆಯ ಮನೆ, ಮಡಿ ಎಂದು ಅವನೂ ಒಪ್ಪಿಕೊಂಡ. ಒಂದು ದಿನ ಬಡಿಸುತ್ತ ಕೇಳಿದ್ದಳು, "ಅಲ್ಲಿ ಕೂತು ಏನು ಮಾಡ್ತೀರಿ?" "ಪೇಪರ್ ಓದಿ ಹೇಳ್ತೀನಿ," ಅಂದ. ಅವಳು ಸಾರಿನ ಸೌಟು ಹಿಡಿದೇ ಸಣ್ಣಗೆ ನಕ್ಕಳು. ಆ ನಗುವಿನಲ್ಲಿ ಏನಿತ್ತೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಅವನ ತಂದೆ ಕೊನೆಗೆ ಹಾಸಿಗೆ ಹಿಡಿದಾಗ ಎಲ್ಲವನ್ನೂ ಮಾಡಿದ್ದು ಅವಳು. ಅವನು ಆಗಲೂ ಪಡಸಾಲೆಯ ಬಾಗಿಲಲ್ಲಿ ನಿಂತು ಸ್ತೋತ್ರ ಓದುತ್ತಿದ್ದ, ಮತ್ತು ಅದು ತಂದೆಗೆ ಹಿತವಾಗಿದೆಯೆಂದು ನಂಬಿದ್ದ.

"ಕ್ರಿಕೆಟ್ ಪುಟ ಬುಟ್ರಿ ಸಾ," ಅಂದ ಮದನ್.

ಹೌದು, ಎರಡು ಹಾಳೆ ಒಟ್ಟಿಗೆ ಮಗುಚಿದ್ದ. ಹಿಂದಕ್ಕೆ ತಿರುಗಿಸಿ ಓದತೊಡಗಿದ. ಓದುತ್ತಿದ್ದದ್ದು ಬಾಯಿ ಮಾತ್ರ. ಕಣ್ಣು ಗೋಡೆಯ ಗೂಡಿನ ಕಡೆ ಹೋಯಿತು. ಮಠದ ಕ್ಯಾಲೆಂಡರಿನ ಕೆಳಗೆ ವಿಭೂತಿಯ ಗಟ್ಟಿ, ಬೆಂಕಿಪೊಟ್ಟಣ, ಅದರ ಪಕ್ಕ ಊದಿನಕಡ್ಡಿಯ ಪೊಟ್ಟಣ. ಅದು ಅಲ್ಲಿ ಇನ್ನೂ ಇತ್ತು.

ಕಳೆದ ತಿಂಗಳ ಒಂದು ಮಧ್ಯಾಹ್ನ ಗಂಗಾಧರಸ್ವಾಮಿ ಮಗನಿಗೆ ಉಣ್ಣಿಸಿ ಹೋದ ಸ್ವಲ್ಪ ಹೊತ್ತಿಗೆ ವಾಸನೆ ಬಂತು. ಮೊದಲು ಚರಂಡಿಯದೆಂದುಕೊಂಡ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು. ಬೆನ್ನಿನ ಕೆಳಗಿನ ಗಾಯ ಒಣಗುವ ತನಕ ಡೈಪರ್ ಹಾಕಬೇಡಿ, ಗಾಳಿಯಾಡಲಿ ಎಂದು ನರ್ಸ್ ರೋಜಾ ಹೇಳಿದ್ದರಿಂದ ಬರೀ ರಬ್ಬರ್ ಶೀಟು, ಮೇಲೆ ಹಳೆಯ ಪಂಚೆಯ ಬಟ್ಟೆ. ಮದನ್ ಮೊಬೈಲ್ ತಳ್ಳುವುದನ್ನು ನಿಲ್ಲಿಸಿದ. ಅವನಿಗೂ ವಾಸನೆಯಿಂದಲೇ ಗೊತ್ತಾಗುವುದು. ಅದಕ್ಕೆ ಮೊದಲು ಅವನ ದೇಹ ಅವನಿಗೆ ಏನನ್ನೂ ಹೇಳುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಚಂದ್ರಶೇಖರ ಫೋನು ಕೈಗೆತ್ತಿಕೊಂಡು ಗಂಗಾಧರಸ್ವಾಮಿಯ ಹೆಸರು ಒತ್ತಿ, ರಿಂಗಾಗುವ ಮೊದಲೇ ನಿಲ್ಲಿಸಿದ. ಕರೆದರೆ ಅವನು ಷಟರ್ ಎಳೆದು ಓಡಿ ಬರುತ್ತಾನೆ. ಬಂದರೆ ನಾಳೆಯಿಂದ ತಾನೇಕೆ ಎಂಬ ಪ್ರಶ್ನೆ ಬರುತ್ತದೆ. ಎದ್ದು ನಿಂತ. ಮಂಚದ ಕಾಲಿನ ಕಡೆಗೆ ಎರಡು ಹೆಜ್ಜೆ ಹೋದ. ಅಲ್ಲಿಂದ ಗೂಡಿನ ಕಡೆ ತಿರುಗಿ, ಅದಕ್ಕೇ ಎದ್ದವನ ಹಾಗೆ, ಊದಿನಕಡ್ಡಿ ತೆಗೆದು ಹಚ್ಚಿ, ಕ್ಯಾಲೆಂಡರಿನ ಮುಂದೆ ಮೂರು ಸುತ್ತು ತಿರುಗಿಸಿ ಸಿಕ್ಕಿಸಿದ. ಕೈಯನ್ನೂ ಮುಗಿದ. ಆಮೇಲೆ ಕೂತು ಪೇಪರನ್ನು ಕೊನೆಯ ಜಾಹೀರಾತಿನ ತನಕ ಓದಿದ. ಒಂದು ಮುಗಿದರೆ ಇನ್ನೊಂದು ಕಡ್ಡಿ. ಮದನ್ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಮಲಗಿದ್ದ, ಅವನ ರೆಪ್ಪೆ ಅದುರುತ್ತಿತ್ತು. ನಾಲ್ಕು ಗಂಟೆಗೆ ಗಂಗಾಧರಸ್ವಾಮಿ ಒಳಗೆ ಬಂದವನು ಹೊಸ್ತಿಲಲ್ಲೇ ಒಂದು ಗಳಿಗೆ ನಿಂತ. ಹೊಗೆ ನೋಡಿದ. "ಕಡ್ಡಿ ಅಚ್ಚಿದ್ರಾ? ಒಳ್ಳೇದಾಯ್ತು," ಅಂದು ಮಗನ ಕಡೆ ಬಾಗಿ, "ಈಗ್ತಾನೆ ಆಗಿರೋದು ಅನ್ಸುತ್ತೆ," ಎಂದ. ಮದನ್ ಕಣ್ಣು ಬಿಡದೆ, "ಊಂ ಅಪ್ಪಾಜಿ, ಈಗ್ತಾನೆ," ಅಂದ.

ಆ ಸುಳ್ಳನ್ನು ಮದನ್ ಹೇಳಿದ್ದು ಮೇಷ್ಟ್ರಿಗಾಗಿ. ಮನೆಗೆ ಹೋಗುವ ದಾರಿಯಲ್ಲಿ ಚಂದ್ರಶೇಖರನಿಗೆ ಅದಕ್ಕಾಗಿ ಅವನ ಮೇಲೆ ಸಿಟ್ಟು ಬಂದಿತ್ತು. ಮರುದಿನ ಬೆಳಗ್ಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತ. ಅಪ್ಪನಿಗೆ ನೀನು ಹೇಗೆ ಮಾಡುತ್ತಿದ್ದೆ, ಹೇಗೆ ಹೊರಳಿಸುತ್ತಿದ್ದೆ, ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವುದಕ್ಕೇ ಬಂದಿದ್ದ. ಚಂಪಕ ಒಲೆಯ ಕಡೆಯಿಂದ ತಿರುಗಿ ನೋಡಿ, "ಇನ್ನೊಂದು ಲೋಟ ಕಾಫಿ ಬೇಕಿತ್ತಾ ಭಾವ?" ಅಂದಳು. ಹೂಂ ಅಂದ. ಬೇಡದ ಕಾಫಿ ಕುಡಿದು ಮಹಡಿ ಹತ್ತಿದ.

ಅದಾದ ಕೆಲವೇ ದಿನಕ್ಕೆ ಡ್ರೆಸಿಂಗಿಗೆ ಬಂದ ರೋಜಾ ಗಾಯ ಬಿಚ್ಚಿ ನೋಡಿ ಮುಖ ಸಣ್ಣದು ಮಾಡಿದ್ದಳು. ಒಣಗುತ್ತಿದ್ದದ್ದು ಅಂಚಿನಲ್ಲಿ ಮತ್ತೆ ಕೆಂಪಾಗಿದೆ, ಒದ್ದೆಯಲ್ಲಿ ಬಿಟ್ಟಿದ್ದಿರಾ ಎಂದು ಕೇಳಿದಳು. "ನಂದೇ ತೆಪ್ಪು ಸಿಸ್ಟರ್," ಅಂದಿದ್ದ ಗಂಗಾಧರಸ್ವಾಮಿ, "ರಾತ್ರಿ ಒಂದೊಂದು ದಪ ಎಚ್ಚರಾಗಕ್ಕಿಲ್ಲ, ವಯಸ್ಸಾಯ್ತು." ಚಂದ್ರಶೇಖರ ಅಲ್ಲೇ ಇದೇ ಕುರ್ಚಿಯಲ್ಲಿ ಇದೇ ಪೇಪರ್ ಹಿಡಿದು ಕೂತಿದ್ದ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತಿತ್ತು. ರೋಜಾ ಹೋಗುವಾಗ, ಮೈಯಲ್ಲಿ ಮಾಂಸವೇ ಇಲ್ಲವಲ್ಲ, ಹೊಟ್ಟೆ ತುಂಬ ಕೊಡಿ, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ ಎಂದು ಹೇಳಿಹೋದಳು.

ಪೇಪರಿನ ಹಿಂದೆ ಒಂದು ಸದ್ದು ಕೇಳಿಸಿತು. ಉದ್ದನೆಯ, ಕುಯ್ಯೆನ್ನುವ ಸದ್ದು. ಬೆಕ್ಕು ಬಂತೇ ಎಂದು ಮಂಚದ ಕೆಳಗೆ ಬಗ್ಗಿ ನೋಡಿದ. ಮತ್ತೆ ಬಂತು. ಅದು ಮದನ್‌ನ ಹೊಟ್ಟೆಯ ಸದ್ದು. ಮದನ್ ಮೊಬೈಲಿನ ಶಬ್ದ ಸ್ವಲ್ಪ ಜಾಸ್ತಿ ಮಾಡಿದ.

ಚಂದ್ರಶೇಖರ ಪೇಪರ್ ಕೆಳಗಿಟ್ಟ. ನೀವು ಬರ್ದಿದ್ ದಿನ ಅದೆಲ್ಲಿತ್ತೋ ಅಸಿವು. ಬೆಳಗ್ಗೆ ಅರ್ಧ ಲೋಟ ಕಾಫಿ. ಮಧ್ಯಾಹ್ನ ಏನೂ ಇಲ್ಲ. ಭಾನುವಾರ ಎರಡು ಮುದ್ದೆ. ಆ ದಿನದಿಂದ ಈಚೆಗೆ. ಲೆಕ್ಕ ಎಷ್ಟು ನೇರವಾಗಿತ್ತೆಂದರೆ ಮೂರನೆಯ ಕ್ಲಾಸಿನ ಹುಡುಗನೂ ಮಾಡಬಹುದಾಗಿತ್ತು, ಇಷ್ಟು ದಿನ ಅದರ ಮುಂದೆಯೇ ಕೂತು ತಾನು ಮಾಡಿರಲಿಲ್ಲ. ಈ ಹುಡುಗ ತಾನು ಕೂತಿರುವಷ್ಟು ಹೊತ್ತು ಹೊಟ್ಟೆಯಲ್ಲಿ ಏನೂ ಇರಬಾರದೆಂದು ಉಪವಾಸ ಬಿದ್ದಿದ್ದಾನೆ. ತನಗೆ ಮುಜುಗರವಾಗದಿರಲಿ ಎಂದು, ಮಾಯಬೇಕಾದ ಗಾಯ ಬೆನ್ನಲ್ಲಿಟ್ಟುಕೊಂಡು. ಅಪ್ಪನಿಗೆ ಅಂಗಡಿ ಬೇಕು, ಅಂಗಡಿಗೆ ಮೇಷ್ಟ್ರು ಬೇಕು, ಮೇಷ್ಟ್ರಿಗೆ ವಾಸನೆ ಬರಬಾರದು. ಚಂದ್ರಶೇಖರನಿಗೆ ಮೈಯೆಲ್ಲ ಬಿಸಿಯಾಯಿತು. ಯಾರೋ ತನ್ನನ್ನು ಬೆತ್ತಲೆ ನೋಡಿ, ನೋಡಿಲ್ಲವೆಂಬಂತೆ ಇದ್ದುಬಿಟ್ಟಿದ್ದ ಹಾಗಿತ್ತು. ಎದ್ದು ಹೋಗಿಬಿಡಬಹುದು. ನಾಳೆಯಿಂದ ಆಗುವುದಿಲ್ಲ, ಮಂಡಿನೋವು ಎಂದರೆ ಯಾರೂ ಏನೂ ಕೇಳುವುದಿಲ್ಲ. ಹುಡುಗ ಉಣ್ಣುತ್ತಾನೆ, ಅಂಗಡಿ ಮುಚ್ಚುತ್ತದೆ, ತಾನು ಮಹಡಿಯ ಕೋಣೆಯಲ್ಲಿ ಕೂತು ಸಂಜೆಯಾಗುವುದನ್ನು ನೋಡಬಹುದು. ಆ ಕೋಣೆಯ ಕಿಟಕಿ, ಕಿಟಕಿಯಿಂದ ಕಾಣುವ ಪಕ್ಕದ ಮನೆಯ ನೀರಿನ ಟ್ಯಾಂಕು, ಅದರ ಮೇಲೆ ಕೂರುವ ಕಾಗೆ ಎಲ್ಲ ನೆನಪಾಗಿ ಅವನಿಗೆ ಹೆದರಿಕೆಯಾಯಿತು.

"ಮದನ್, ಹಸಿವಾಗಿದೆಯೇನೋ?"

"ಇಲ್ಲ ಸಾ."

"ಹೊಟ್ಟೆ ಕೂಗ್ತಿದೆಯಲ್ಲ."

"ಅದು ಗ್ಯಾಸು ಸಾ. ಮಲಗೇ ಇರ್ತೀನಲ್ಲ."

"ಭಾನುವಾರ ಗ್ಯಾಸು ಇರಲ್ವೇನೋ?"

ಮೊಬೈಲಿನಲ್ಲಿ ಯಾರೋ ನಗುತ್ತಿದ್ದರು. ಮದನ್ ಗೆಣ್ಣಿನಿಂದ ತಳ್ಳಿ ಅದನ್ನು ಆರಿಸಿದ. ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಅಪ್ಪಾಜಿಗೆ ಏಳ್ಬೇಡಿ ಸಾ," ಅಂದ. "ಅಂಗಡಿಲಿ ಕುಂತಾಗ ಅವ್ರು ಸ್ವಲ್ಪ ಮೊದ್ಲಿನಂಗೆ ಇರ್ತಾರೆ. ಬಂದು ಅಲ್ಲಿ ಮಾತಾಡಿದ್ದೆಲ್ಲ ನಂಗೆ ಏಳ್ತಾರೆ. ಅದು ತಪ್ಪೋಗ್ಬಾರ್ದು ಅಷ್ಟೇಯ."

ಚಂದ್ರಶೇಖರ ಎದ್ದು ಒಳಗೆ ಹೋದ. ಇಷ್ಟು ವರ್ಷದ ಸ್ನೇಹದಲ್ಲಿ ಈ ಮನೆಯ ಹಜಾರ ದಾಟಿ ಅವನು ಅಡಿಗೆಮನೆಯ ಹೊಸ್ತಿಲು ತುಳಿದಿರಲಿಲ್ಲ. ಇವರು ಬೇರೆಯವರನ್ನು ಅಡಿಗೆಮನೆಗೆ ಬಿಟ್ಟುಕೊಳ್ಳುವವರಲ್ಲ, ಅವನು ಬೇರೆಯವರ ಅಡಿಗೆಮನೆಗೆ ಹೋಗುವವನಲ್ಲ. ಎರಡು ಮಡಿಗಳ ನಡುವೆ ಸ್ನೇಹ ಸುಖವಾಗಿ ನಡೆದುಕೊಂಡು ಬಂದಿತ್ತು. ಹಾಟ್‌ಬಾಕ್ಸಿನ ಮುಚ್ಚಳ ತೆಗೆದ. ಒಂದೇ ಒಂದು ಮುದ್ದೆ, ಮೇಲೆ ನೀರಿನ ಬೆವರು. ಪಕ್ಕದ ಪಾತ್ರೆಯಲ್ಲಿ ಹುರುಳಿಕಾಳಿನ ಬಸ್ಸಾರು. ತಟ್ಟೆ ಹುಡುಕಿ, ತೊಳೆದು, ಕೈಯನ್ನೂ ತೊಳೆದು, ಮತ್ತೊಮ್ಮೆ ತೊಳೆದು, ಬಡಿಸಿಕೊಂಡು ಬಂದ.

ಮದನ್‌ನ ಕಣ್ಣು ತಟ್ಟೆಯ ಮೇಲೆ ಬಿತ್ತು. ಅಲ್ಲಿಂದ ಕೀಳಲು ಅವನಿಗೆ ಕಷ್ಟವಾಯಿತು.

"ಬೇಡಿ ಸಾ. ಆಮೇಲೆ..."

"ಆಮೇಲೆ ಆಮೇಲಿನ ಮಾತು."

"ನಿಮ್ ಕೈಲಿ ಆಗಕ್ಕಿಲ್ಲ ಸಾ." ಬೈಗುಳವಲ್ಲ, ದೂರಲ್ಲ, ಇವತ್ತು ಬಿಸಿಲು ಜಾಸ್ತಿ ಅಂದ ಹಾಗೆ ಅಂದ.

"ಆಗದಿದ್ದರೆ ಆಗ ನಿಮ್ಮಪ್ಪನ್ನ ಕೂಗ್ತೀನಿ. ಬಾಯಿ ತೆಗಿ."

ಹೇಳಿದ್ದು ಕ್ಲಾಸಿನ ದನಿಯಲ್ಲಿ. ಕುರ್ಚಿ ಹತ್ತಿರ ಎಳೆದುಕೊಂಡು, ದಿಂಬು ಸರಿಸಿ ಅವನ ತಲೆ ಎತ್ತಿ, ಬಿಸಿ ಮುದ್ದೆಯ ಮೇಲೆ ಸಾರು ಸುರಿದು, ಐದೂ ಬೆರಳಿನಿಂದ ಅನ್ನದ ಹಾಗೆ ಕಲಸತೊಡಗಿದ. ಮುದ್ದೆ ಬೆರಳಿಗೆಲ್ಲ ಅಂಟಿ, ಸಾರಿನಲ್ಲಿ ಕರಗಿ, ತಟ್ಟೆಯ ತುಂಬ ಕಂದು ಗೊಜ್ಜಾಯಿತು. ಕಲಸಿದಷ್ಟೂ ಕೆಟ್ಟಿತು. ತಲೆ ಎತ್ತಿ ನೋಡಿದರೆ ಮದನ್‌ನ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾನೆಂದುಕೊಂಡ. ಅವನು ನಗುತ್ತಿದ್ದ.

"ಮುದ್ದೆನ ಯಾರಾದ್ರೂ ಕಲಸ್ತಾರಾ ಸಾ? ಮುರ್ದು, ಅದ್ದಿ, ನುಂಗದು. ಅಗೀಲೂ ಬಾರ್ದು."

"ನನಗೇನು ಗೊತ್ತೋ. ನಮ್ಮನೆಯಲ್ಲಿ ಅಪರೂಪಕ್ಕೆ ಮಾಡಿದರೂ ಚಮಚದಲ್ಲಿ ತಿನ್ನೋದು."

"ಚಮಚದಾಗೆ!" ಮದನ್‌ಗೆ ಮತ್ತೆ ನಗು ಬಂತು. "ಅಪ್ಪಾಜಿಗೆ ಏಳ್ಬೇಕು ಇದ್ನ."

ಆ ಗೊಜ್ಜನ್ನೇ ತುತ್ತು ಮಾಡಿ ಕೊಟ್ಟ. ಬೆರಳಿಗೆ ಅವನ ತುಟಿ ತಗುಲಿತು, ಎಂಜಲು ತಗುಲಿತು. ಬೇರೊಬ್ಬರ ಎಂಜಲು ತನ್ನ ಕೈಗೆ ತಾಕಿದ್ದು ಇದೇ ಮೊದಲೆಂದು ಅವನ ಮೈಗೆ ತಿಳಿಯಿತು. ಮೊದಲ ತುತ್ತಿಗೆ ಒಳಗೇ ಹಿಂಜರಿದ ಕೈ ಆಮೇಲಿನದರಲ್ಲಿ ತಟ್ಟೆಗೂ ಬಾಯಿಗೂ ಓಡಾಡುವ ಕೆಲಸದಲ್ಲಿ ಅದನ್ನು ಮರೆಯಿತು. ಹುಡುಗ ಎಷ್ಟು ಹಸಿದಿದ್ದನೆಂದರೆ ತುತ್ತು ಬರುವ ಮೊದಲೇ ಕತ್ತು ಮುಂದೆ ಚಾಚುತ್ತಿದ್ದ. ತಟ್ಟೆ ಖಾಲಿಯಾಯಿತು. ಬಾಯಿ ಒರೆಸಿ, ನೀರು ಕುಡಿಸಿ ಕೂತ. ಪೇಪರ್ ಮುಟ್ಟಲಿಲ್ಲ. ಇಬ್ಬರೂ, ಬಸ್ಸಿಗೆ ಕಾಯುವವರ ಹಾಗೆ, ಬೇರೇನೋ ಮಾತಾಡುತ್ತ ಅದಕ್ಕೇ ಕಾದರು.

ವಾಸನೆ ಬಂದಾಗ ಮದನ್ ಕಣ್ಣು ಮುಚ್ಚಲಿಲ್ಲ. ನೇರವಾಗಿ ಅವನನ್ನೇ ನೋಡಿದ. ಚಂದ್ರಶೇಖರ ಎದ್ದು ನಿಂತ. ಗೂಡಿನ ಕಡೆ ಕಾಲು ತಿರುಗಿದ್ದು ಅವನಿಗೇ ಕಾಣಿಸಿತು. ಮದನ್‌ಗೂ ಕಾಣಿಸಿತು.

"ಕಡ್ಡಿ ಅಚ್ಕೊಳ್ಳಿ ಸಾ, ಪರ್ವಾಗಿಲ್ಲ," ಅಂದ ಮದನ್.

"ಬೇಡ," ಅಂದ. ಶರ್ಟು ಬಿಚ್ಚಿ ಮೊಳೆಗೆ ಸಿಕ್ಕಿಸಿ, ಪಂಚೆ ಮೇಲೆ ಕಟ್ಟಿ, ಬಚ್ಚಲಿನಿಂದ ನೀರು, ಬಟ್ಟೆ ತಂದ. ಜನಿವಾರವನ್ನು ಕಿವಿಗೆ ಸುತ್ತಿಕೊಂಡದ್ದು ಆಮೇಲೆ ಗಮನಕ್ಕೆ ಬಂತು. ಕೈ ತನ್ನ ಅಭ್ಯಾಸ ಮಾಡಿತ್ತು. "ಹೇಳಪ್ಪ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದ. ಚಂಪಕಳ ಅಡಿಗೆಮನೆಯ ಬಾಗಿಲಲ್ಲಿ ಕೇಳಲಾಗದ್ದು ಇಲ್ಲಿ ಸಲೀಸಾಗಿ ಬಂತು. ಮದನ್ ಹೇಳಿದ. ಅಪ್ಪ ದಿನವೂ ಮಾಡುವಾಗ ಹೇಳಿಕೊಳ್ಳುವ ಮಾತನ್ನೇ ಅವನು ಹೇಳುತ್ತಿದ್ದ: ಮೊದಲು ದಿಂಬು ತೆಗೀರಿ, ಮಂಡಿ ಒಂದರ ಮೇಲೊಂದು ಬರಲಿ, ಶೀಟು ಉದ್ದಕ್ಕೆ ಸುರುಳಿ ಸುತ್ತಿ ಬೆನ್ನ ಕೆಳಗೆ ತಳ್ಳಿ, ಗಾಯಕ್ಕೆ ನೀರು ತಾಕಬಾರದು. ತನ್ನ ದೇಹದ ಬಗ್ಗೆಯೇ ಹೇಳುತ್ತಿದ್ದರೂ ಬೇರೆ ಯಾರದೋ ಮೂಟೆಯ ಬಗ್ಗೆ ಹೇಳಿದಂತಿತ್ತು. ಚಂದ್ರಶೇಖರ ಹೇಳಿದ ಹಾಗೆ ಮಾಡಿದ. ಬಾಯಿಂದ ಉಸಿರಾಡಿದ. ಆ ಕಾಲುಗಳು ಎಷ್ಟು ಸಣ್ಣಗಾಗಿದ್ದವು. ಸ್ಕೂಲಿನ ಮೈದಾನದಲ್ಲಿ ಓಡಿದ ಕಾಲುಗಳೇ ಇವು. ಗಾಯದ ಅಂಚಿನ ಕೆಂಪು ಕಂಡಿತು. ಅದು ತನ್ನದು, ತಾನು ಪೇಪರ್ ಓದುತ್ತ ಮಾಡಿದ್ದು. ಅದನ್ನು ಕಣ್ಣಾರೆ ನೋಡಿದ, ಕಣ್ಣು ತಿರುಗಿಸಲಿಲ್ಲ. ಎಲ್ಲ ಮುಗಿಯಿತು ಎನ್ನುವಾಗ, ಹೊಸ ಬಟ್ಟೆ ಹಾಸಿದ ಮೇಲೆ, ಇನ್ನೇನೂ ಉಳಿದಿಲ್ಲವೆನ್ನುವಾಗ, ವಾಂತಿ ಬಂತು. ಬಚ್ಚಲಿಗೆ ಓಡಿದ. ನಲ್ಲಿ ಜೋರಾಗಿ ಬಿಟ್ಟ. ಆದರೂ ಸದ್ದು ಹಜಾರಕ್ಕೆ ಕೇಳಿಸಿತು ಎಂದು ಗೊತ್ತಿತ್ತು. ಬಚ್ಚಲ ಗೋಡೆಗೆ ಕೈಯೂರಿ ನಿಂತಾಗ ಇಷ್ಟು ಮಾಡಿಯೂ ಕೊನೆಗೆ ಆ ಹುಡುಗನಿಗೆ ಇದನ್ನು ಕೇಳಿಸಿದೆನಲ್ಲ ಎಂದು ಅಳು ಬಂತು. ಪ್ರೀತಿಯಿದ್ದವರಿಗೆ ಇದು ಸುಲಭ, ತನ್ನಂಥವರಿಗೆ ಅಲ್ಲ ಎಂದುಕೊಂಡ.

ಮುಖ ತೊಳೆದು ಹೊರಗೆ ಬಂದಾಗ ಅವನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಮೊದ್ಲು ಮೊದ್ಲು ಅಪ್ಪಾಜಿನೂ ಅಂಗೇ ಸಾ," ಅಂದ ಮದನ್. "ಅವ್ರೂ ನಲ್ಲಿ ಬುಟ್ಕೊಂಡೇ."

ನಾಲ್ಕು ಗಂಟೆಗೆ ಗಂಗಾಧರಸ್ವಾಮಿ ಬಂದ. ಇವತ್ತು ವ್ಯಾಪಾರ ಚೆನ್ನಾಗಿತ್ತು, ಹೆಮ್ಮರಗಾಲದ ಹುಚ್ಚಯ್ಯ ಹಸು ಕರು ಹಾಕಿದೆಯೆಂದು ಹೇಳಿ ಕಳಿಸಿದ್ದಾನೆ ಎನ್ನುತ್ತಲೇ ಒಳಗೆ ಹೋಗಿ, ಖಾಲಿ ಹಾಟ್‌ಬಾಕ್ಸು ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಮಗನನ್ನು ನೋಡಿದ. ಹಿತ್ತಲ ತಂತಿಯ ಮೇಲೆ ಒಗೆದು ಹರವಿದ್ದ ಬಟ್ಟೆಯನ್ನು ನೋಡಿದ. ಒಗೆದದ್ದು ಸರಿಯಾಗಿರಲಿಲ್ಲ, ನಡುವೆ ಕಲೆ ಹಾಗೇ ಇತ್ತು. ಚಂದ್ರಶೇಖರ ಶರ್ಟಿನ ಗುಂಡಿ ಹಾಕಿಕೊಳ್ಳುವುದರಲ್ಲಿ ಬಹಳ ಹೊತ್ತು ತೆಗೆದುಕೊಂಡ.

"ಮುದ್ದೆನ ಕಲಸಿದ್ರು ಅಪ್ಪಾಜಿ, ಅನ್ನ ಕಲಸ್ದಂಗೆ," ಅಂದ ಮದನ್.

ಗಂಗಾಧರಸ್ವಾಮಿ ನಗಲಿಲ್ಲ. ಹಾಟ್‌ಬಾಕ್ಸನ್ನು ಎರಡು ಕೈಯಲ್ಲೂ ತಿರುಗಿಸುತ್ತ, "ನಾಳೆ ಎರಡು ಮಾಡಿಟ್ಟಿರ್ತೀನಿ ಮೇಷ್ಟ್ರೇ," ಎಂದು ಗೋಡೆಗೆ ಹೇಳಿದ.

"ಸ್ವಾಮಿ, ಆ ಗಾಯ..." ಎಂದು ಶುರು ಮಾಡಿದ ಚಂದ್ರಶೇಖರ.

"ಓಗಿ ಬನ್ನಿ ಮೇಷ್ಟ್ರೇ, ವೊತ್ತಾಯ್ತು," ಅಂದ ಗಂಗಾಧರಸ್ವಾಮಿ ಮೆತ್ತಗೆ. ಅವನಿಗೆ ಕಡ್ಡಿ ಹಚ್ಚಿದ ದಿನವೇ ಎಲ್ಲ ಗೊತ್ತಿತ್ತು ಎಂದು ಚಂದ್ರಶೇಖರನಿಗೆ ಆಗ ಗೊತ್ತಾಯಿತು.

ಬಜಾರಿನಲ್ಲಿ ಇಬ್ಬರೋ ಮೂವರೋ ನಮಸ್ಕಾರ ಹೇಳಿದರು. ಕೈಯೆತ್ತದೆ ತಲೆಯಾಡಿಸಿಕೊಂಡು ನಡೆದ. ಎಷ್ಟು ತೊಳೆದಿದ್ದರೂ ವಾಸನೆ ಬೆರಳುಗಳಲ್ಲಿ ಉಳಿದಿತ್ತು, ಅದನ್ನು ಯಾರ ಹತ್ತಿರಕ್ಕೂ ಒಯ್ಯಬಾರದೆನ್ನಿಸಿತು. ಇವತ್ತು ನಡೆದದ್ದನ್ನು ಹೇಳಿಕೊಳ್ಳಲು ಈ ಊರಿನಲ್ಲಿ ತನಗೆ ಒಬ್ಬರೂ ಇಲ್ಲ. ಹೇಳಿದರೂ ಏನೆಂದು ಹೇಳುವುದು, ಒಬ್ಬ ಹುಡುಗನಿಗೆ ಊಟ ಮಾಡಿಸಿದೆ ಎಂದೇ? ಹಿತ್ತಲ ಬಾಗಿಲು ತೆಗೆದು ಒಳಗೆ ಬಂದ. ಬಟ್ಟೆ ಮಡಿಸುತ್ತಿದ್ದ ಚಂಪಕ ತಲೆ ಎತ್ತಿದಳು. ಬಕೆಟ್ಟಿನ ಹತ್ತಿರ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಚೊಂಬನ್ನು ಮುಟ್ಟಲೋ ಬೇಡವೋ ಎಂದು ನಿಂತಿದ್ದವನನ್ನು ನೋಡಿದಳು. ಬಟ್ಟೆ ಪಕ್ಕಕ್ಕಿಟ್ಟು ಎದ್ದು ಬಂದು ಚೊಂಬು ತಾನೇ ತೆಗೆದುಕೊಂಡು ಅವನ ಕೈಯ ಮೇಲೆ ನೀರು ಹಾಕಿದಳು. ಒಂದು ಚೊಂಬು ಮುಗಿದು ಇನ್ನೊಂದು ಹಾಕಿದಳು. ಒಳಗೆ ಹೋಗಿ ಒಂದು ಡಬ್ಬಿ ತಂದು ಬಚ್ಚಲ ಕಲ್ಲಿನ ಮೇಲಿಟ್ಟಳು.

"ಸೋಪಿಗೆ ಹೋಗಲ್ಲ ಭಾವ, ಸೀಗೆಪುಡಿ ಹಾಕಿ ಉಜ್ಜಿ," ಅಂದಳು. "ಉಗುರಿನ ಸಂದೀಲಿ ಇರುತ್ತೆ. ನನಗೂ ಹಾಗೇ ಇರ್ತಿತ್ತು."

ಅವನು ಏನೋ ಹೇಳಬೇಕೆಂದು ತಿರುಗಿದ. ಅವಳು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು. ಚಂದ್ರಶೇಖರ ಡಬ್ಬಿಯ ಮುಚ್ಚಳ ತೆಗೆದು, ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬೆರಳು ಉಜ್ಜತೊಡಗಿದ.